ಏಣಿಯವರಿಗೂ ಕೊಡೆಯವರಿಗೂ ಒಂದೇ ಸಾರು

ನಮ್ಮ ಊರಿನಲ್ಲಿ ದೇಶದ ಅಧ್ಯಕ್ಷರ ಚುನಾವಣೆ ಮುಗಿದ ಮರುದಿನ ಬೆಳಿಗ್ಗೆ ಎಲ್ಲರೂ ಮೊದಲು ಅಂಬಲಿ ಕುಡಿಯುತ್ತಾರೆ. ಏಣಿ ಗುರುತಿಗೆ ಮತ ಹಾಕಿದವರು ಮೊದಲ ಗುಟುಕಿಗೇ ಮುಖ ಕಿವುಚಿ, "ಇಷ್ಟ್ಯಾಕ ಉಪ್ಪ ಸುರದಿ?" ಎನ್ನುತ್ತಾರೆ. ಕೊಡೆ ಗುರುತಿಗೆ ಹಾಕಿದವರು ಅದೇ ಗಡಿಗೆಯ ಅದೇ ಅಂಬಲಿ ಕುಡಿದು, "ಉಪ್ಪ ಹಾಕೂದ ಮರತಿಯೇನು?" ಎಂದು ಕೇಳುತ್ತಾರೆ. ಆಮೇಲೆ ಮುಂದಿನ ಚುನಾವಣೆಯವರೆಗೂ ನಾಲಿಗೆ ಹಾಗೆಯೇ. ಮತಪೆಟ್ಟಿಗೆಗೆ ಎಷ್ಟು ಬೀಗ ಜಡಿದರೇನು, ಅರಗು ಹಾಕಿ ಮುದ್ರೆ ಒತ್ತಿದರೇನು, ಯಾರು ಯಾರಿಗೆ ಹಾಕಿದರು ಎಂಬುದು ಊಟದ ಹೊತ್ತಿಗೆ ಬಟಾಬಯಲು. ರಾಜಧಾನಿಯಲ್ಲಿ ಮತ ಎಣಿಸಿ ಮುಗಿಸುವ ಮೊದಲೇ ನಮ್ಮ ಉಪ್ಪಿನ ಅಂಗಡಿಯವನು ನಮ್ಮ ಸೀಮೆ ಯಾರ ಪಾಲಾಯಿತೆಂದು ಹೇಳಿಬಿಡುತ್ತಾನೆ.

ಇದಕ್ಕೆ ತಕ್ಕಂತೆ ನಮ್ಮ ಬದುಕೂ ಹೊಂದಿಕೊಂಡಿದೆ. ಹೆಣ್ಣು ನೋಡಲು ಬಂದವರು ಕುಲಗೋತ್ರ ಕೇಳಿದ ಮೇಲೆ ನಾಲಿಗೆಯನ್ನೂ ಕೇಳುತ್ತಾರೆ. ಅತ್ತೆ ಏಣಿ, ಸೊಸೆ ಕೊಡೆ ಆದರೆ ಆ ಮನೆಯಲ್ಲಿ ಎರಡು ಒಲೆ ಉರಿಯುತ್ತವೆ, ಇಲ್ಲವೇ ಒಂದೇ ಒಲೆಯ ಮುಂದೆ ದಿನವೂ ಇಬ್ಬರು ಉರಿಯುತ್ತಾರೆ. ನೆಂಟರ ಮನೆಗೆ ಹೋದವರು ಬಡಿಸಿದ್ದನ್ನು ಸುಮ್ಮನೆ ಉಣ್ಣುವುದನ್ನು ಕಲಿತಿರುತ್ತಾರೆ. ನಾವು ಹುಟ್ಟಿದಾಗಿನಿಂದ ಇದನ್ನೇ ನೋಡಿದವರು, ಬೇರೆ ಊರುಗಳಲ್ಲಿ ಹೀಗಿಲ್ಲವಂತೆ ಎಂದರೆ, ಪಾಪ, ಅವರಿಗೆ ತಮ್ಮ ಮನೆಯವರ ಮನಸ್ಸು ಹೇಗೆ ತಿಳಿಯುತ್ತದೋ ಎಂದುಕೊಳ್ಳುತ್ತೇವೆ.

ಒಂದು ಕಾಲಕ್ಕೆ ನಮ್ಮ ಸೀಮೆ ಪೂರ್ತಿ ಏಣಿಯದಾಗಿತ್ತು. ಬೆಟ್ಟದ ಆಚೆಯಿಂದ ಕಾಲುವೆ ತೋಡಿಸಿ ನೀರು ತಂದವರು ಏಣಿಯ ಮೊದಲ ಅಧ್ಯಕ್ಷರು. ಕಾಲುವೆಗೆ ನೀರು ಬಿಟ್ಟ ದಿನ ನನ್ನ ಮುತ್ತಜ್ಜಿ ಉಟ್ಟ ಸೀರೆಯಲ್ಲೇ ನೀರೊಳಗೆ ಕುಳಿತುಬಿಟ್ಟಳಂತೆ, ಎಷ್ಟು ಎಬ್ಬಿಸಿದರೂ ಏಳಲಿಲ್ಲವಂತೆ. ಅಂಥ ನೀರು ಕಂಡವರು ಆಮೇಲೆ ಏಣಿಯವರು ಯಾರನ್ನು ನಿಲ್ಲಿಸಿದರೂ ಕಣ್ಣು ಮುಚ್ಚಿ ಮತ ಹಾಕಿದರು. ಇಡೀ ಸೀಮೆ ಸಪ್ಪೆ ಉಂಡು ಸುಖವಾಗಿತ್ತು. ಉಪ್ಪಿನಕಾಯಿಯ ಭರಣಿಗಳಲ್ಲಿ ಬಿತ್ತನೆಯ ಬೀಜ ತುಂಬಿಡುತ್ತಿದ್ದರು. ಪರಸ್ಥಳದ ಬೀಗರು ಸೊಂಟದ ಚೀಲದಲ್ಲಿ ಉಪ್ಪು ಕಟ್ಟಿಕೊಂಡು ಬಂದು, ಯಾರೂ ನೋಡದಾಗ ಅನ್ನಕ್ಕೆ ಕಲಸಿಕೊಳ್ಳುತ್ತಿದ್ದರಂತೆ.

ಆಮೇಲೆ ಬಂದ ಏಣಿಯ ಅಧ್ಯಕ್ಷನೊಬ್ಬ ಬೆಟ್ಟದ ರಸ್ತೆ ಕಡಿಯಲು ಊರೂರಿನ ಹುಡುಗರನ್ನು ಕರೆದೊಯ್ದ. ಸುಗ್ಗಿಗೆ ಬಿಡುತ್ತೇನೆ ಎಂದವನು ಸುಗ್ಗಿಯ ಮೇಲೆ ಸುಗ್ಗಿ ಕಳೆದರೂ ಬಿಡಲಿಲ್ಲ. ಮುಂದಿನ ಚುನಾವಣೆಯಲ್ಲಿ ಗಂಡಸರು ವಾಡಿಕೆಯಂತೆ ಏಣಿಗೇ ಹಾಕಿ ಬಂದರು. ಹೆಂಗಸರು ಬಾಯಿ ಬಿಡಲಿಲ್ಲ, ಜಗಳ ಆಡಲಿಲ್ಲ, ಹೋಗಿ ಕೊಡೆಗೆ ಹಾಕಿ ಬಂದು ಮರುದಿನ ತಮ್ಮ ನಾಲಿಗೆಗೆ ತಕ್ಕಂತೆ ಅಡುಗೆ ಮಾಡಿದರು. ಮನೆಯ ಯಜಮಾನರೆಲ್ಲ ಊರ ಕಟ್ಟೆಯ ಮೇಲೆ ಕುಳಿತು ತಂಬಿಗೆಗಟ್ಟಲೆ ನೀರು ಕುಡಿದರಂತೆ, ತಂತಮ್ಮ ಮನೆಯಲ್ಲಿ ಏನೂ ಆಗಿಲ್ಲವೆಂಬಂತೆ. ಆ ಹೆಣ್ಣುಮಕ್ಕಳನ್ನು ನೆನೆದರೆ ನನಗೆ ಈಗಲೂ ಎದೆ ಉಬ್ಬುತ್ತದೆ. ಅದರ ಮುಂದಿನ ಸಲ ಗಂಡಸರೂ ಅವರ ಹಿಂದೆ ಬಂದರು, ಇಡೀ ಸೀಮೆ ಕೊಡೆಯದಾಯಿತು, ಹುಡುಗರು ಮನೆಗೆ ಬಂದರು. ಭರಣಿಗಳಿಗೆ ಮತ್ತೆ ಮಾವಿನಕಾಯಿ ಬಿತ್ತು. ಓಣಿಯ ಮೂಲೆಮೂಲೆಗೂ ಕುಡಿಯುವ ನೀರಿನ ಹರವಿ ಇಟ್ಟಿದ್ದು ಆಗಲೇ, ಅವು ಈಗಲೂ ಇವೆ.

ನಡುವೆ ಒಮ್ಮೆ ಗಂಟೆ ಗುರುತಿನವನೊಬ್ಬ ನಿಂತಿದ್ದ. ಮಾತುಗಾರ, ಮಾತು ಕೇಳಿದರೆ ಹಸಿವು ಮರೆಯುತ್ತಿತ್ತಂತೆ. ಏಣಿ ಕೊಡೆ ಎರಡನ್ನೂ ಬಿಟ್ಟು ನಮ್ಮವರು ಅವನಿಗೆ ಮರುಳಾದರು. ಮರುದಿನ ಎಲ್ಲರ ನಾಲಿಗೆಯೂ ಹುಳಿ ಬೇಡತೊಡಗಿತು. ಹುಣಸೆಮರಗಳು ಬೋಳಾದವು, ಹುಳಿಗೆ ಹಲ್ಲು ಜುಮ್ಮೆಂದು ಸೋತವು, ರೊಟ್ಟಿ ಕಡಿಯಲಾರದೆ ಜನ ಗಂಜಿಗೆ ಇಳಿದರು. ಈಗಲೂ ನಮ್ಮಲ್ಲಿ ಯಾರಾದರೂ ಹೊಸದಕ್ಕೆ ಹಾರಿದರೆ ಹಿರಿಯರು ದವಡೆ ಸವರಿಕೊಳ್ಳುತ್ತಾರೆ. ಅದಾದ ಮೇಲೆ ಸೀಮೆ ಒಂದಾಗಲಿಲ್ಲ. ಕಾಲುವೆಯ ಮಗ್ಗುಲಿನವರು ಏಣಿಗೆ ಮರಳಿದರು, ಹೊಳೆಯ ದಂಡೆಯವರು ಕೊಡೆಯಲ್ಲಿ ಉಳಿದರು. ಬರುಬರುತ್ತ ಒಂದೇ ಓಣಿ ಎರಡಾಯಿತು, ಒಂದೇ ಮನೆ ಎರಡಾಯಿತು. ಒಂದು ಸಲ ಕೂದಲೆಳೆಯಲ್ಲಿ ಏಣಿ, ಇನ್ನೊಂದು ಸಲ ಕೂದಲೆಳೆಯಲ್ಲಿ ಕೊಡೆ. ನಾನು ಬುದ್ಧಿ ಬಂದಾಗಿನಿಂದ ನೋಡಿದ್ದು ಈ ಕಾಲವನ್ನೇ.

ಇಂಥ ಊರಿನಲ್ಲಿ ಖಾನಾವಳಿ ನಡೆಸುವುದೆಂದರೆ ಸುಮ್ಮನೆ ಮಾತಲ್ಲ. ಪೇಟೆಯಲ್ಲಿ ಏಣಿಯವರ ಖಾನಾವಳಿ ಒಂದು, ಕೊಡೆಯವರದು ಒಂದು, ಬಾಗಿಲ ಮೇಲೆ ಗುರುತು ಬರೆಸಿಕೊಂಡು ಎದುರುಬದುರು ಕುಳಿತಿದ್ದವು. ಮೂರನೆಯದು ಸಂತೆಪೇಟೆಯ ಹಿಂದಿನ ಓಣಿಯಲ್ಲಿ, ನನ್ನ ಚಿಗವ್ವ ದಾನವ್ವನದು. ಅದರ ಬಾಗಿಲ ಮೇಲೆ ಏನೂ ಬರೆದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಶುರು ಮಾಡಿದ್ದು. ಗಂಡನ ಮನೆ ಬಿಟ್ಟು ಬಂದ ನನ್ನನ್ನು, "ಅಳೂದ ಮುಗದಿದ್ರ ಹಿಟ್ಟ ನಾದು" ಎಂದು ಒಲೆಯ ಮುಂದೆ ಕೂರಿಸಿಕೊಂಡವಳೂ ಅವಳೇ. ಅಂದಿನಿಂದ ನಾನು ಅಲ್ಲಿ ರೊಟ್ಟಿ ಬಡಿಯುತ್ತೇನೆ. ನಾನು ಕೊಡೆಯವಳು, ಆದ್ದರಿಂದ ಉಪ್ಪಿನ ಮಡಕೆ ಮುಟ್ಟಲು ನನಗೆ ಅಪ್ಪಣೆ ಇರಲಿಲ್ಲ.

ಚಿಗವ್ವನ ಖಾನಾವಳಿಯಲ್ಲಿ ಒಂದೇ ಪಂಕ್ತಿ, ಒಂದೇ ಸಾರು. ಅವಳು ಉಪ್ಪನ್ನು ಸರಿಯಾಗಿ ನಡುವಿಗೆ ತಂದು ನಿಲ್ಲಿಸುತ್ತಿದ್ದಳು. ಪಂಕ್ತಿಯ ನಡುವೆ ಒಂದು ಬಟ್ಟಲಲ್ಲಿ ಉಪ್ಪು, ಒಂದು ತಪ್ಪಲೆಯಲ್ಲಿ ಉಪ್ಪಿಲ್ಲದ ಬ್ಯಾಳಿಕಟ್ಟು, ಎಂದರೆ ಬೇಳೆ ಬೇಯಿಸಿದ ನೀರು. ಕೊಡೆಯವರು ಚಿಟಿಕೆ ಉಪ್ಪು ಉದುರಿಸಿಕೊಳ್ಳಬೇಕು, ಏಣಿಯವರು ಒಂದು ಸೌಟು ಕಟ್ಟು ಸುರಿದುಕೊಳ್ಳಬೇಕು. ಇಬ್ಬರೂ ಗೊಣಗಬೇಕು, ಇಬ್ಬರೂ ಹೊಟ್ಟೆ ತುಂಬ ಉಣ್ಣಬೇಕು. ಬಟ್ಟಲು ತಪ್ಪಲೆ ಕೈಯಿಂದ ಕೈಗೆ ದಾಟಿಸುವಾಗ ಮಾತು ಹುಟ್ಟುತ್ತಿತ್ತು. ಊರಿನಲ್ಲಿ ಏಣಿಯವನೂ ಕೊಡೆಯವನೂ ತೊಡೆಗೆ ತೊಡೆ ತಾಗಿಸಿ ಕೂರುತ್ತಿದ್ದ ಜಾಗ ಅದೊಂದೇ. ಎತ್ತಿನ ವ್ಯಾಪಾರ, ಕಾಲುವೆಯ ನೀರಿನ ಪಾಳಿಯ ತಂಟೆ, ಮುರಿದ ಮದುವೆಯ ಮಾತು, ಎಲ್ಲವೂ ಅಲ್ಲಿಯೇ ಬಗೆಹರಿಯುತ್ತಿದ್ದವು. ಉಪ್ಪನ್ನು ಅಳತೆ ಮಾಡಿ ಹಾಕಿದರಾಯಿತಲ್ಲ ಎಂದು ಬುದ್ಧಿ ಹೇಳುವವರಿದ್ದರು. ಅವರು ಒಲೆ ಕಂಡವರಲ್ಲ. ದಿನದ ಬೇಳೆ ದಿನಕ್ಕೊಂದು ಥರ ಬೇಯುತ್ತದೆ, ಸೊಪ್ಪು ಒಂದೊಂದು ದಿನ ಒಂದೊಂದು ಥರ ನೀರು ಬಿಡುತ್ತದೆ, ಕೊನೆಗೆ ಹೇಳಬೇಕಾದದ್ದು ನಾಲಿಗೆಯೇ. ಮಕ್ಕಳ ನಾಲಿಗೆ ಯಾವ ಕಡೆಯೂ ವಾಲಿರುವುದಿಲ್ಲ, ನಿಜ, ಆದರೆ ಮಕ್ಕಳ ಮಾತು ಕೇಳಿದರೆ ಸಾರಿಗೆ ಬೆಲ್ಲ ಬೀಳುತ್ತದೆ.

ಅದಕ್ಕಾಗಿ ಚಿಗವ್ವ ಮತ ಹಾಕುತ್ತಿರಲಿಲ್ಲ. ಒಮ್ಮೆಯೂ ಹಾಕಿರಲಿಲ್ಲ. ಚುನಾವಣೆಯ ದಿನ ಊರೆಲ್ಲ ಸರತಿಯಲ್ಲಿ ನಿಂತಾಗ ಅವಳು ಸರತಿಯ ಉದ್ದಕ್ಕೂ ಮಜ್ಜಿಗೆ ಹಂಚುತ್ತಿದ್ದಳು. ನಾಲಿಗೆ ಉಳಿಸಿಕೊಳ್ಳಲು ಅವಳು ತೆತ್ತದ್ದು ಏನೆಂದು ನಮಗೆ ಆಗ ಹೊಳೆದಿರಲಿಲ್ಲ, ಮಜ್ಜಿಗೆ ಚೆನ್ನಾಗಿದೆ ಎಂದು ಕುಡಿಯುತ್ತಿದ್ದೆವು.

ಅವಳ ಒಬ್ಬಳೇ ಮಗಳು ನಿಂಬೆವ್ವನನ್ನು ಹೊಳೆಯ ಆಚೆ ಕೊಟ್ಟಿತ್ತು. ಆಚೆಯ ದಂಡೆ ಬೇರೆ ದೇಶ, ಆದರೆ ಅದು ನಮಗೆ ನೆನಪಾಗುತ್ತಿದ್ದುದು ಕಡಿಮೆ. ಹೊಳೆ ದಾಟುವ ಕಡವಿನಲ್ಲಿ ದೋಣಿ ಇತ್ತು, ಸಂತೆಯ ದಿನ ನಿಂಬೆವ್ವ ದೋಣಿ ಹತ್ತಿ ಬಂದು ತವರಿನ ರೊಟ್ಟಿ ತಿಂದು ಹೋಗುತ್ತಿದ್ದಳು. ಈಗ ಅವಳು ಬಸುರಿ. ಚೊಚ್ಚಲು ಹೆರಿಗೆ ತವರಿನಲ್ಲೇ ಎಂದು ಚಿಗವ್ವ ಹಿಂದಿನ ಕೋಣೆ ಸಾರಿಸಿ, ಬಾಣಂತಿಯ ಹೊರಸಿನ ಹಗ್ಗ ಬಿಗಿಸಿ, ಕೊಬ್ಬರಿ ಉತ್ತತ್ತಿ ತುಂಬಿಟ್ಟು ಕಾಯುತ್ತಿದ್ದಳು. ಆಗ ಚುನಾವಣೆ ಬಂತು. ಏಣಿಯ ಹೊಸ ಅಭ್ಯರ್ಥಿ ನಮ್ಮ ಬಯಲಿನಲ್ಲೇ ನಿಂತು, ಹೊಳೆಯ ಆಚೆಯಿಂದ ಕಳ್ಳಮಾಲು ಬರುತ್ತಿದೆ, ಗೆದ್ದ ವಾರದಲ್ಲೇ ಕಡವು ಮುಚ್ಚಿಸುತ್ತೇನೆ ಎಂದು ಮುಷ್ಟಿ ಎತ್ತಿ ಹೇಳಿ ಹೋದ.

ನಮ್ಮೂರ ಏಣಿಯವರ ಮುಂದಾಳು ಈರಸಂಗಪ್ಪ, ತಾಮ್ರದ ಪಾತ್ರೆಯ ಅಂಗಡಿಯವರು. ಒಂಟಿ ಜೀವ, ಎರಡೂ ಹೊತ್ತು ಚಿಗವ್ವನ ಪಂಕ್ತಿಯಲ್ಲೇ ಊಟ. ಅವರಷ್ಟು ಗೊಣಗುವವರೂ ಇರಲಿಲ್ಲ, ಅವರಷ್ಟು ಉಣ್ಣುವವರೂ ಇರಲಿಲ್ಲ. ಅಂದು ಕಟ್ಟು ಬಡಿಸುತ್ತ ಚಿಗವ್ವ ಕೇಳಿದಳು:

"ಅಣ್ಣಾರ, ಕಡವ ಮುಚ್ಚತೇನಂತಾನಲ್ರೀ ನಿಮ್ಮಾಂವ."

"ಮಾತಿಗೆ ಅಂತಾನ ತಂಗಿ. ಆರಿಸಿ ಬಂದ ಮ್ಯಾಲೆ ಎಲ್ಲಾ ಮರೀತಾನ."

"ಮರೀಲಿಲ್ಲಂದ್ರ?"

ಈರಸಂಗಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದರು. "ನಮ್ಮಪ್ಪ ಆ ಕಾಲುವಿ ಮಣ್ಣ ಹೊತ್ತಾಂವ, ದಾನವ್ವಾ. ಏಣಿ ಬಿಟ್ಟ ನನ್ನ ಕೈ ಬ್ಯಾರೆ ಕಡೆ ಹೋಗಂಗಿಲ್ಲ. ಒತ್ತಾಯ ಮಾಡಿದ್ರೂ ಹೋಗಂಗಿಲ್ಲ."

ಚಿಗವ್ವ ಸಿಟ್ಟಾಗಲಿಲ್ಲ. ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಮುಂದೆ ಹೋದಳು. ಆದರೆ ಆ ಸಂಜೆ ಬೇಳೆ ಆರಿಸುತ್ತ, "ಕಲ್ಲಿ, ಈ ಸಲ ನಾ ಮತಾ ಹಾಕಾಕಿ" ಎಂದಳು. ನನ್ನ ಹೆಸರು ಕಲ್ಲವ್ವ, ಅವಳ ಬಾಯಲ್ಲಿ ಕಲ್ಲಿ. ನಾಲಿಗೆ ವಾಲಿದರೆ ಖಾನಾವಳಿ ಏನಾಗಬೇಕು, ಪಂಕ್ತಿ ಏನಾಗಬೇಕು, ಅವಳು ಜೀವ ತೇಯ್ದು ಕಟ್ಟಿದ್ದು ಏನಾಗಬೇಕು?

"ನಿನ್ನ ಒಂದ ಮತದಿಂದ ಏನಾಗತೈತಿ ಚಿಗವ್ವಾ?" ಎಂದೆ.

"ಒಂದ ಹರಳ ಉಪ್ಪಿಂದ ಏನಾಗತೈತಿ ಅಂತ ನನ್ನ ಕೇಳತೀಯೇನ?" ಎಂದಳು.

ಸುದ್ದಿ ಊರೆಲ್ಲ ಹಬ್ಬಿತು. ಒಬ್ಬೊಬ್ಬರಾಗಿ ಬಂದು ಕೈ ಮುಗಿದರು. ಏಣಿಯವರು ಬಂದದ್ದು ಸರಿ, ಅವಳ ಮತದಿಂದ ಲಾಭವಾಗಬೇಕಿದ್ದ ಕೊಡೆಯವರೂ ಬಂದು, "ನಿನ್ನ ಮತ ನಮಗ ಬ್ಯಾಡವ್ವಾ, ನಿನ್ನ ನಾಲಿಗಿ ಇರಲಿ" ಎಂದು ಬೇಡಿಕೊಂಡರು. ಚಿಗವ್ವ ಎಲ್ಲರಿಗೂ ಮಜ್ಜಿಗೆ ಕೊಟ್ಟು ಕಳಿಸಿದಳು. ಚುನಾವಣೆಯ ದಿನ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಸರತಿಯಲ್ಲಿ ನಿಂತಳು. ಮುಂದೆ ನಿಂತಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ನನ್ನ ಪಾಳಿ ಬಂದಾಗ ಹೊಕ್ಕೇನಿ" ಎಂದು ಅವಳು ನಿಂತಲ್ಲೇ ನಿಂತಳು. ಆ ವರ್ಷ ಸರತಿಯಲ್ಲಿ ಮಜ್ಜಿಗೆ ಹಂಚುವವರು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಂಬಲಿಯ ಬಟ್ಟಲು ಹಿಡಿದು ಅವಳು ಬಹಳ ಹೊತ್ತು ಕುಳಿತಿದ್ದಳು. ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು. "ಸಪ್ಪಗೈತಿ" ಎಂದಳು, ಅಷ್ಟೇ. ನನಗೂ ಅದು ಸಪ್ಪಗೇ ಇತ್ತು. ನನಗೆ ಅಳು ತಡೆಯಲಾಗಲಿಲ್ಲ, ಅವಳು ಅಳಲಿಲ್ಲ.

ಉಪ್ಪಿನ ಅಂಗಡಿಯವನು ಆ ವಾರ ಮೂಟೆಯ ಮೇಲೆ ಮೂಟೆ ತರಿಸಿದ. ನಮ್ಮ ಸೀಮೆ ಕೊಡೆಯ ಕಡೆ ವಾಲಿತ್ತು. ಕಾಲುವೆಯ ಮಗ್ಗುಲಿನ ಎಷ್ಟೋ ಮನೆಗಳು, ಹೊಳೆಯಾಚೆ ಹೆಣ್ಣು ಕೊಟ್ಟವರು, ಹೆಣ್ಣು ತಂದವರು, ಅಜ್ಜನ ಕಾಲದ ಏಣಿ ಬಿಟ್ಟು ಕೊಡೆಗೆ ಹಾಕಿದ್ದರು. ನಾವು ಸಂತೋಷದಿಂದ ಓಣಿಯಲ್ಲಿ ಕುಣಿದೆವು. ಆದರೆ ದೇಶ ನಮ್ಮ ಸೀಮೆಯೊಂದೇ ಅಲ್ಲವಲ್ಲ. ಬೇರೆ ಕಡೆಯೆಲ್ಲ ಏಣಿ ಗೆದ್ದಿತ್ತು, ಏಣಿಯವನೇ ಅಧ್ಯಕ್ಷನಾದ. ಮತ್ತು ಅವನು ಏನನ್ನೂ ಮರೆಯಲಿಲ್ಲ. ಕಡವಿಗೆ ಸಿಪಾಯಿಗಳು ಬಂದರು, ದೋಣಿಗಳನ್ನು ದಡಕ್ಕೆಳೆದು ಬೋರಲು ಹಾಕಿದರು.

ನಿಂಬೆವ್ವ ಬರಲಿಲ್ಲ. ಆಚೆ ದಂಡೆಗೆ ಬಂದು ನಿಂತಿದ್ದಳು, ದೊಡ್ಡ ಹೊಟ್ಟೆ ಹೊತ್ತು. ಈಚೆ ದಂಡೆಯಲ್ಲಿ ಚಿಗವ್ವ ಸೆರಗು ಬೀಸಿ, ಹೊತ್ತೇರುತ್ತಿದೆ, ಮನೆಗೆ ಹೋಗು ಎಂದು ಸನ್ನೆ ಮಾಡಿದಳು. ಕೆಲವು ದಿನಗಳ ಮೇಲೆ ಆಚೆಯ ಅಂಬಿಗರು ಹೊಳೆಯ ಮೇಲಿಂದ ಕೂಗಿ ಹೇಳಿದರು: ಹೆಣ್ಣು ಮಗು, ತಾಯಿ ಚೆನ್ನಾಗಿದ್ದಾಳೆ. ಚಿಗವ್ವ ಹಿಂದಿನ ಕೋಣೆಯ ಕೊಬ್ಬರಿ ಉತ್ತತ್ತಿ ತೆಗೆದು ಓಣಿಯ ಬಾಣಂತಿಯರಿಗೆ ಕೊಟ್ಟುಬಿಟ್ಟಳು.

ಖಾನಾವಳಿಯನ್ನು ಮಾತ್ರ ಅವಳು ಒಂದು ದಿನವೂ ಮುಚ್ಚಲಿಲ್ಲ. ತನ್ನ ನಾಲಿಗೆ ವಾಲಿದೆ ಎಂದು ಗೊತ್ತಿದ್ದುದರಿಂದ, ಅದು ಕೇಳುವುದಕ್ಕಿಂತ ಕಡಿಮೆ ಉಪ್ಪು ಹಾಕಲು ನೋಡುತ್ತಿದ್ದಳು. ಆದರೆ ದುಃಖದ ಕೈ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿರಲಿಲ್ಲ. ಒಂದು ದಿನ ಸಾರು ಉಪ್ಪುಪ್ಪು, ಒಂದು ದಿನ ಬರೀ ಸಪ್ಪೆ. ಆಶ್ಚರ್ಯವೆಂದರೆ ಪಂಕ್ತಿಯಲ್ಲಿ ಗೊಣಗಾಟವೇ ನಿಂತಿತು. "ಹೆಂಗೈತ್ರೀ?" ಎಂದು ಅವಳು ಕೇಳಿದರೆ, "ಭಾಳ ಛಲೋ ಆಗೈತಿ" ಎಂದು ಎಲ್ಲರೂ ಒಂದೇ ರಾಗ. ಏಣಿಯವರಿಗೆ ತಮ್ಮವನೇ ಕಡವು ಮುಚ್ಚಿಸಿದ ನಾಚಿಕೆ. ಕೊಡೆಯವರಿಗೆ ನಮಗಾಗಿ ನಾಲಿಗೆ ಕಳೆದುಕೊಂಡಳಲ್ಲ ಎಂಬ ಮರುಕ. ಉಪ್ಪು ಬೇಕೆಂದು ಯಾರೂ ಕೇಳುತ್ತಿರಲಿಲ್ಲ, ಕಟ್ಟು ಬೇಕೆಂದು ಯಾರೂ ಕೇಳುತ್ತಿರಲಿಲ್ಲ. ತಲೆ ಬಗ್ಗಿಸಿ ಉಂಡು, ಪಕ್ಕದವನ ಜೊತೆ ಮಾತಿಲ್ಲದೆ ಎದ್ದು ಹೋಗುತ್ತಿದ್ದರು. ಇಷ್ಟೊಂದು ಮರ್ಯಾದೆ ಆ ಪಂಕ್ತಿಯಲ್ಲಿ ನಾನು ಕಂಡಿರಲಿಲ್ಲ, ಅದು ಸ್ಮಶಾನದ ಮರ್ಯಾದೆಯಂತಿತ್ತು.

ಚಿಗವ್ವನನ್ನು ಎಷ್ಟು ದಿನ ಏಮಾರಿಸಲಾದೀತು? ಒಂದು ಮಧ್ಯಾಹ್ನ ಪಂಕ್ತಿ ಕುಳಿತಿರುವಾಗಲೇ ಅವಳು ಉಪ್ಪಿನ ಬಟ್ಟಲನ್ನೂ ಕಟ್ಟಿನ ತಪ್ಪಲೆಯನ್ನೂ ಎತ್ತಿ ನೋಡಿದಳು. ಎರಡೂ ಮುಟ್ಟದೆ ಹಾಗೇ ಇದ್ದವು. ಅದೇ ಹೊತ್ತಿಗೆ ಈರಸಂಗಪ್ಪ ಊಟದ ನಡುವೆ ಎದ್ದು, ಓಣಿಯ ಮೂಲೆಯ ಹರವಿಗೆ ಹೋಗಿ ಗಟಗಟ ನೀರು ಕುಡಿಯುತ್ತಿದ್ದುದು ಕಿಟಕಿಯಿಂದ ಕಂಡಿತು. ಅವರು ಬಾಯಿ ಒರೆಸಿಕೊಂಡು ಒಳಗೆ ಬಂದು ಕುಳಿತರು. ಚಿಗವ್ವ ಸೌಟು ಹಿಡಿದು ಪಂಕ್ತಿಯ ನಟ್ಟನಡುವೆ ನಿಂತಳು.

"ಹಂಚಿನ ಮ್ಯಾಲಿನ ರೊಟ್ಟಿ ಇಳಸ, ಕಲ್ಲಿ. ಇವತ್ತ ಯಾರೂ ಏಳೂದ ಬ್ಯಾಡ" ಎಂದು ಕೂಗಿ, ಎಲ್ಲರ ಕಡೆ ತಿರುಗಿದಳು. "ಇಷ್ಟ ವರ್ಷ ನನ್ನ ಸಾರಿಗೆ ಬೈಕೋಂತ ಉಂಡ್ರಿ. ಹೊಟ್ಟಿ ತುಂಬ ಉಂಡ್ರಿ. ಈಗ ಯಾಕ ಹೊಗಳಾಕತ್ತೀರಿ? ನಾ ಏನ ಸತ್ತೇನೇನು? ಉಪ್ಪೂ ಬ್ಯಾಡ ಕಟ್ಟೂ ಬ್ಯಾಡ ಅಂದ್ರ ಇಬ್ಬರೂ ನನಗ ಸುಳ್ಳ ಹೇಳಾಕತ್ತೀರಿ. ನಾ ಮಾಡಿದ ಅಡಗಿ ನನಗ ತಿಳೀವಲ್ದು. ನೀವು ಖರೆ ಹೇಳಲಿಲ್ಲಂದ್ರ ನಾ ಯಾರ್ನ ಕೇಳಲಿ?"

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದೆ. ಈರಸಂಗಪ್ಪ ಕೆಮ್ಮಿದರು.

"ಉಪ್ಪ ಹೆಚ್ಚಾಗೈತಿ, ದಾನವ್ವಾ. ಭಾಳ ಹೆಚ್ಚಾಗೈತಿ. ಬಾಯಿ ಸುಡಾಕತ್ತೈತಿ."

ಕಡವು ಮುಚ್ಚಿದ ಮೇಲೆ ಚಿಗವ್ವ ನಕ್ಕಿದ್ದನ್ನು ನಾನು ಅಂದೇ ನೋಡಿದ್ದು. ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕಳು. ಪಂಕ್ತಿಯ ಆ ತುದಿಯಲ್ಲಿದ್ದ ಕೊಡೆಯವನೊಬ್ಬ ಮೆಲ್ಲಗೆ, "ನಿನ್ನೆ ಸಪ್ಪಗಿತ್ತವ್ವಾ" ಎಂದ. ಮತ್ತೊಬ್ಬ, "ಮೊನ್ನಿನ ಪಲ್ಯಾ ಅಂತೂ ಕೇಳಬ್ಯಾಡ" ಎಂದ. ಒಡ್ಡು ಒಡೆದಂತೆ ಎಲ್ಲರೂ ದೂರತೊಡಗಿದರು. ಕಟ್ಟಿನ ತಪ್ಪಲೆಗೆ ಕೈಗಳು ಮುಗಿಬಿದ್ದವು. ಗದ್ದಲ ಅಡಗಿದ ಮೇಲೆ ಚಿಗವ್ವ ಹೇಳಿದಳು: "ಅಣ್ಣಾರ, ನಾಳೆ ಮುಂಜಾನೆ ಅಡಗಿ ಮನಿಗೆ ಬರ್ರಿ. ಇನ್ನ ಮ್ಯಾಲೆ ರುಚಿ ನೋಡಾವ್ರು ನೀವು."

ನನಗೆ ಮೈ ಉರಿಯಿತು. ಎಲ್ಲರೂ ಹೋಗುವವರೆಗೆ ಹಲ್ಲು ಕಚ್ಚಿ ತಡೆದುಕೊಂಡು, ಆಮೇಲೆ ಕೂಗಾಡಿದೆ. "ಅವರ ಕೈಯಾಗ ಸೌಟ ಕೊಡತೀಯೇನ? ನಿಂಬೆವ್ವನ್ನ ಹೊಳಿ ಆಚೆ ಕೂಡಿಸಿದಾವ್ರ ಕೈಯಾಗ? ಇಷ್ಟ ದಿನ ನಿನ್ನ ಕೂಡ ದುಡದಾಕಿ ನಾ ಇಲ್ಲೇ ನಿಂತೇನಿ."

ಚಿಗವ್ವ ತಪ್ಪಲೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನಿನ್ನ ಕೈಯಾಗ ಕೊಟ್ಟ ಏನ ಮಾಡಲಿ ಮಗಳ? ನಿನ್ನ ನಾಲಿಗಿ ನನ್ನ ನಾಲಿಗಿ ಈಗ ಒಂದ ಆಗ್ಯಾವ. ನಾ ಎಲ್ಲೆ ಎಡವತೇನಿ, ನೀನೂ ಅಲ್ಲೇ ಎಡವತಿ. ನನಗ ತಿಳೀಲಾರದ್ದು ಅವರಿಗೆ ತಿಳೀತೈತಿ." ತಿಕ್ಕಿದ ತಪ್ಪಲೆಯನ್ನು ಬೋರಲು ಹಾಕುತ್ತ, "ನನಗೂ ಸಿಟ್ಟ ಐತಿ" ಎಂದಳು. "ಸಿಟ್ಟ ಐತಿ ಅಂತ ಊರ ಮಂದೀನ ಉಪವಾಸ ಕೆಡವಲೇನ?" ಇಂಥವಳ ಕೈ ಕೆಳಗೆ ದುಡಿದೆ ಎಂಬುದಕ್ಕಿಂತ ದೊಡ್ಡ ಹೆಮ್ಮೆ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಮರುದಿನ ಮುಂಜಾನೆ ಈರಸಂಗಪ್ಪ ಬಂದರು. ಕಾಲು ತೊಳೆದುಕೊಂಡು ಬಂದವರು ಅಡುಗೆಮನೆಯ ಹೊಸ್ತಿಲ ಹೊರಗೇ ನಿಂತರು. ಇಷ್ಟು ವರ್ಷ ಉಂಡವರು, ಒಳಗೆ ಕಾಲಿಟ್ಟವರಲ್ಲ. ಚಿಗವ್ವ ಸೌಟಿನಲ್ಲಿ ಸಾರು ತೆಗೆದು, ಬಟ್ಟಲಿಗೆ ಸುರಿದು ಚಾಚಿದಳು. ಅವರು ಒಳಗೆ ಬಂದು, ಒಲೆಯ ಎದುರು ನಿಂತು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಕುಡಿದು ಪಕ್ಕಕ್ಕೆ ತಿರುಗಿದರು. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು, ಖಾಲಿ ಹೊರಸು ಅಲ್ಲಿಂದ ಕಾಣುತ್ತಿತ್ತು.

"ದಾನವ್ವಾ, ಮುಂದಿನ ಸಲ ನಾ..." ಎಂದರು.

"ಮುಂದಿನ ಸಲದ್ದ ಮುಂದಿನ ಸಲ ನೋಡೂಣ್ರಿ ಅಣ್ಣಾರ" ಎಂದಳು ಚಿಗವ್ವ. "ಹೊರಗ ಹಸದ ಮಂದಿ ಕುಂತಾರ. ಈಗ ಸಾರಿಂದ ಹೇಳ್ರಿ."

ಅವರು ಕಣ್ಣೊರೆಸಿಕೊಂಡು ಇನ್ನೊಂದು ಗುಟುಕು ಕುಡಿದರು. "ಹೆಚ್ಚೈತಿ."

ಚಿಗವ್ವ ಒಂದು ಸೌಟು ಕಟ್ಟು ಸುರಿದು ತಿರುವಿದಳು. ಅವಳೂ ನೋಡಿದಳು, ಅವರೂ ನೋಡಿದರು.

"ನನಗ ಸಪ್ಪಗಾತು" ಎಂದಳು ಅವಳು.

"ನನಗ ಇನ್ನೂ ತುಸು ಹೆಚ್ಚೈತಿ" ಎಂದರು ಅವರು.

"ಹಂಗಾರ ನಡಕ ಬಂದೈತಿ, ಇಳಸೂಣು" ಎಂದಳು ಚಿಗವ್ವ. ದೊಡ್ಡ ತಪ್ಪಲೆಯ ಆ ಕಡೆಯ ಕಿವಿ ಅವರು, ಈ ಕಡೆಯ ಕಿವಿ ಅವಳು ಹಿಡಿದು ಅದನ್ನು ಒಲೆಯಿಂದ ಇಳಿಸಿದರು, ನಾನು ತಾಟು ಹಾಕಲು ಹೊರಗೆ ಹೋದೆ.